ಅಮ್ಮನಂತೆ ಕರೆದ ಡೋಲು

ಡೋಲು ನುಡಿದದ್ದೇ ತಡ, ಖಿನ್ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟು, ಯಾರೋ ಕರೆದರೆಂಬಂತೆ ಎದ್ದು ನಿಂತಳು.

ಬರ್ಮಾದ ಈ ಹುಡುಗಿ ಮಣಿಪಾಲದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ನುಡಿಸಿದವನು ಅವಳ ಸಹಪಾಠಿ, ನೈಜೀರಿಯಾದ ಟುಂಡೆ. ಅವನ ಯೊರುಬಾ ಭಾಷೆಯಲ್ಲಿ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಆ ಏರಿಳಿತವನ್ನೇ ಕಂಕುಳಲ್ಲಿ ಒತ್ತಿ ಹಿಡಿದ ಡೋಲಿನಲ್ಲಿ ನುಡಿಸಿ, ಅವರ ಊರಲ್ಲಿ ಜನರನ್ನು ಹೆಸರು ಹಿಡಿದು ಕರೆಯುತ್ತಾರಂತೆ. ಬರ್ಮೀ ಭಾಷೆಯಲ್ಲೂ ದನಿ ಬದಲಾದರೆ ಅರ್ಥ ಬದಲಾಗುತ್ತದೆ ಎಂದು ಖಿನ್ ಹೇಳಿದ್ದಳು. ಊರಿನ ಫೋನ್ ಸಂಪರ್ಕ ಕಡಿದು, ಅವಳು ತಾಯಿಯ ದನಿ ಕೇಳದೆ ತಿಂಗಳುಗಳಾಗಿದ್ದವು. ತಾಯಿ ಊಟಕ್ಕೆ ಕರೆಯುವ ರೀತಿಯನ್ನು ಅವಳಿಂದಲೇ ಹೇಳಿಸಿಕೊಂಡು ಟುಂಡೆ ನುಡಿಸಿದ್ದ. ತಾಯಿಯ ದನಿ ಥಟ್ಟನೆ ನಿಲ್ಲುವಲ್ಲಿ ಡೋಲಿನ ಚರ್ಮವನ್ನು ಬೆರಳಿನಿಂದ ತಡೆದಿದ್ದ. ಖಿನ್‌ಳ ಕಣ್ಣು ತುಂಬಿತ್ತು.

ನನ್ನ ಅತ್ತೆ ಬೆರಗಾಗಿ, “ಎಂತ ಮಾರಾಯ, ಇದು ಮಾತಾಡ್ತದಲ್ಲ! ಇನ್ನೊಮ್ಮೆ ಕರಿ. ಅವಳಿಗೆ ಸಾಕೆನಿಸುವಷ್ಟು ಕರಿ” ಎಂದರು.

ಈಗ ಕಾರ್ಕಳದಿಂದ ನನ್ನ ಅಮ್ಮನ ಫೋನ್ ಬಂದರೆ, ಮಾತು ಬಿಟ್ಟು ದನಿಯ ಏರಿಳಿತವನ್ನೇ ಕೇಳುತ್ತ ಕೂರುತ್ತೇನೆ. ಅತ್ತ ಕಡೆಯಿಂದ ಅಮ್ಮ ಗದರುತ್ತಾಳೆ: “ಎಂತ, ಲೈನಲ್ಲಿ ಉಂಟಾ ನೀನು?”