ಒಂದೇ ಗುರುತು, ಎರಡು ವರದಿ

ಬೆಳಗಿನ ಐದೂವರೆ. ತಾವರಗೇರಾದ ಸಂತೆ ಬಯಲಿನ ಹಿಂದಿನ ಓಣಿಯಲ್ಲಿ, ಮಹೇಶ್ವರಿಯವರ ಮಾಳಿಗೆ ಕೋಣೆಯ ಲ್ಯಾಪ್‌ಟಾಪ್ ಆಗಲೇ ಬೆಳಗುತ್ತಿದೆ. ಕರೆಂಟು, ನೆಟ್ಟು ಎರಡೂ ಕೈಕೊಡದ ಹೊತ್ತು ಇದೊಂದೇ. ಪರದೆಯ ಮೇಲೆ ಅಕ್ಷರ, ಅಂಕಿಗಳ ಉದ್ದುದ್ದ ಸಾಲುಗಳು ಹರಿಯುತ್ತಿವೆ. ಅತ್ತೆ ಗಾಳೆಮ್ಮ ಚಹಾ ತಂದಿಟ್ಟು, "ಇವತ್ತರ ಎಲ್ಲಾ ಛಲೋ ಐತೇನವ್ವಾ?" ಎನ್ನುತ್ತಾರೆ.

"ಇನ್ನೂ ಮುಗಿದಿಲ್ರಿ ಅತ್ತಿ."

ಕಂಪನಿಯೊಂದರ ತಂತ್ರಾಂಶ, ದಾಖಲೆಗಳ ಹಳೆಯ ಮತ್ತು ಹೊಸ ಪ್ರತಿಗಳನ್ನೆಲ್ಲ ಕೂಡಿಡುವ ಭಂಡಾರವನ್ನು ಕಾಯುವುದು ಮಹೇಶ್ವರಿಯವರ ಕೆಲಸ. ಪ್ರತಿ ಕಡತಕ್ಕೂ ಕಂಪ್ಯೂಟರ್ ಲೆಕ್ಕ ಹಾಕಿ ಒಂದು ಗುರುತು ಕೊಡುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗಬೇಕು. ದಿನಕ್ಕೆ ನಾಲ್ಕು ಸಾವಿರದ ಇನ್ನೂರು ಕಡತಗಳ ಗುರುತನ್ನು ಅವರು ತಾಳೆ ನೋಡುತ್ತಾರೆ.

ಕುಷ್ಟಗಿಯಲ್ಲಿ ಬಿಸಿಎ ಓದಿದವರು. "ಆರು ವರ್ಷ ಝೆರಾಕ್ಸ್ ಅಂಗಡ್ಯಾಗ ನಿಂತೀನ್ರಿ. ಅಸಲು ಯಾವ್ದು, ನಕಲು ಯಾವ್ದು ಅಂತ ನೋಡೋದು ಅಲ್ಲೇ ಕಲ್ತಿದ್ದು," ಎಂದು ನಗುತ್ತಾರೆ. ಹಿಂದಿನ ಕಂಪನಿಯ ಮಾತು ಬಂದರೆ ಮಾತ್ರ ಆ ನಗು ಹೋಗಿ ದನಿ ಗಡುಸಾಗುತ್ತದೆ.

ಆ ಕಂಪನಿ ಆಸ್ಪತ್ರೆಗಳಿಗೆ ಪಂಪು ಮಾಡಿಕೊಡುತ್ತಿತ್ತು. ರೋಗಿಯ ನರಕ್ಕೆ ಔಷಧಿಯನ್ನು ಅಳತೆಯಂತೆ ಹನಿಸುವ ಯಂತ್ರ. ಮಹೇಶ್ವರಿ ಅಲ್ಲಿ ಐದು ವರ್ಷ ಗುತ್ತಿಗೆಯ ಮೇಲೆ ದುಡಿದರು. ಭಂಡಾರದ ಹ್ಯಾಶ್ ವಿಧಾನ ಹಳತಾಗಿತ್ತು. ಬೇರೆ ಬೇರೆ ಬರಹದ ಎರಡು ಕಡತಗಳಿಗೆ ಆ ವಿಧಾನದಲ್ಲಿ ಒಂದೇ ಗುರುತು ಬರುವಂತೆ ಮಾಡಬಹುದೆಂದು ತಜ್ಞರು ಎಷ್ಟೋ ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದರು. ಬದಲಾಯಿಸಿ ಎಂದು ಮಹೇಶ್ವರಿ ಮೂರು ಸಲ ಪತ್ರ ಬರೆದರು. ಒಂದಕ್ಕೂ ಉತ್ತರವಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಭಂಡಾರ ತೆರೆಯಲೇ ಇಲ್ಲ. ವಿಭಾಗದ ಮುಖ್ಯಸ್ಥ ಫೋನಿನಲ್ಲಿ, "ಸರ್ವರ್ ತೊಂದರೆ ಅಷ್ಟೆ. ನಿನ್ನೆಯ ಪ್ರತಿ ಹಾಕಿ ಸರಿಮಾಡಿ," ಎಂದರು. ಮಹೇಶ್ವರಿ ಹಾಗೆ ಮಾಡಲಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿದರು. ಹಿಂದಿನ ಸಂಜೆ ಯಾರೋ ಪಂಪಿನ ತಪಾಸಣೆಯ ಎರಡು ಹಳೆಯ ವರದಿ ಸೇರಿಸಿದ್ದರು. ಎರಡರ ಗುರುತೂ ಒಂದೇ. ಅದಕ್ಕೇ ಭಂಡಾರ ಗೊಂದಲಕ್ಕೆ ಬಿದ್ದಿತ್ತು.

ಎರಡನ್ನೂ ತೆರೆದು ಓದಿದರು. ವೈದ್ಯರ ಸಮಿತಿ ಒಪ್ಪಿದ ವರದಿಯಲ್ಲಿ ಒಂದು ಸಾಲಿತ್ತು: ನಳಿಕೆಯಲ್ಲಿ ಗಾಳಿಯ ಗುಳ್ಳೆ ಬಂದಾಗ ಅಲಾರಂ ತಡವಾಗಿ ಕೂಗುತ್ತದೆ, ಈ ಪಂಪನ್ನು ಮಕ್ಕಳ ವಾರ್ಡಿನಲ್ಲಿ ಬಳಸಬಾರದು. ಆಸ್ಪತ್ರೆಗಳಿಗೆ ಕಳಿಸಿದ್ದ ವರದಿಯಲ್ಲಿ ಆ ಸಾಲೇ ಇರಲಿಲ್ಲ. ಗುರುತು ತಾಳೆಯಾದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ಇದು ತಾನಾಗೇ ಆಗೂದಲ್ರಿ," ಮಹೇಶ್ವರಿ ಮೇಜನ್ನು ಕುಟ್ಟಿ ಹೇಳುತ್ತಾರೆ. "ಯಾರೋ ಕುಂತು, ತಲಿ ಓಡಿಸಿ, ಬೇಕಂತ್ಲೇ ಮಾಡ್ಯಾರ. ಕೂಸಿನ ಜೀವದ ಸಾಲು ಅದು!"

ಮುಖ್ಯಸ್ಥರಿಗೆ ಮತ್ತೆ ಫೋನು ಮಾಡಿದಾಗ ಬಂದ ಉತ್ತರ ಅವರಿಗೆ ಇನ್ನೂ ಬಾಯಿಪಾಠ: "ಗುರುತು ಸರಿ ಇದೆಯಲ್ಲ? ನಿಮ್ಮ ಕೆಲಸ ಗುರುತು ನೋಡೋದು. ಓದೋದಲ್ಲ."

ಮಧ್ಯಾಹ್ನದೊಳಗೆ ಅವರ ಪ್ರವೇಶ ರದ್ದಾಯಿತು. ಐದು ವರ್ಷದ ದುಡಿಮೆ ಎರಡು ಸಾಲಿನ ಇ-ಮೇಲಿನಲ್ಲಿ ಮುಗಿಯಿತು. ಆದರೆ ಅಷ್ಟರಲ್ಲಿ ಅವರು ಹೊಸ ವಿಧಾನದಿಂದ ಎರಡೂ ವರದಿಗಳ ಗುರುತು ತೆಗೆದು, ಒಂದೊಂದರ ಅರವತ್ತನಾಲ್ಕು ಅಕ್ಷರಗಳನ್ನೂ ಕೈಯಾರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಅಲ್ಲಿ ಎರಡೂ ಬೇರೆ ಬೇರೆಯಾಗಿಯೇ ಬಂದಿದ್ದವು.

ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡುವ ಮುಜೀಬ, ಮಹೇಶ್ವರಿಯವರ ಕಾಲೇಜಿನ ಸಹಪಾಠಿ. ಕೂಡಲೇ ಅವರಿಗೆ ಫೋನು ಮಾಡಿದರು.

"ನಿಮ್ಮ ಮಕ್ಕಳ ವಾರ್ಡಿನ್ಯಾಗ ಆ ಪಂಪ್ ಅದಾವೇನು?"

"ಒಂಬತ್ತು ಅದಾವ್ರಿ ಅಕ್ಕಾರ. ಯಾಕ್ರಿ?"

"ಈಗಿಂದೀಗ ನಳಿಕಿಯೊಳಗ ಗಾಳಿ ಬಿಟ್ಟು ನೋಡು. ಕೂಸಿಗೆ ಹಚ್ಚಿದ್ದು ಮುಟ್ಟಬ್ಯಾಡ, ಖಾಲಿ ಇದ್ದದ್ದು ತಗೋ."

ಮುಜೀಬ ಗಡಿಯಾರ ಹಿಡಿದು ನೋಡಿದರು. ಗುಳ್ಳೆ ನಳಿಕೆಯ ತುದಿ ದಾಟಿ ಹೋದ ಮೇಲೆ ಅಲಾರಂ ಕೂಗಿತು. ಎರಡನೇ ಸಲವೂ ಅಷ್ಟೇ. ಓಡಿಹೋಗಿ ವೈದ್ಯರನ್ನು ಕರೆತಂದರು. ಸಂಜೆಯೊಳಗೆ ಒಂಬತ್ತೂ ಪಂಪು ವಾರ್ಡಿನಿಂದ ಹೊರಬಿದ್ದವು. ಅಲ್ಲಿದ್ದ ಮಕ್ಕಳಿಗೆ ಏನೂ ಆಗಿರಲಿಲ್ಲ.

ಸುದ್ದಿ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಹತ್ತು ದಿನದ ಮೇಲೆ, ಪಂಪನ್ನು ಮಕ್ಕಳ ವಾರ್ಡಿನಲ್ಲಿ ಬಳಸಬೇಡಿ ಎಂದು ಕಂಪನಿ ಎಲ್ಲ ಆಸ್ಪತ್ರೆಗಳಿಗೂ ಸುತ್ತೋಲೆ ಕಳಿಸಿತು. "ನಮ್ಮ ಆಂತರಿಕ ತಪಾಸಣೆಯಲ್ಲಿ ಕಂಡುಬಂದಂತೆ" ಎಂದು ಅದರ ಆರಂಭ. ತಪಾಸಣೆ ಮಾಡಿದವರನ್ನು ಮನೆಗೆ ಕಳಿಸಿದ ಸಂಗತಿ ಅದರಲ್ಲಿಲ್ಲ. ವರದಿ ಬದಲಿಸಿದವರ ಬಗ್ಗೆಯೂ ಚಕಾರವಿಲ್ಲ, "ತಾಂತ್ರಿಕ ದೋಷ"ವಂತೆ. ಯೋಚಿಸಿ ಎಸಗಿದ ಮೋಸಕ್ಕೆ ಎಷ್ಟು ನಯವಾದ ಹೆಸರು!

ಮಹೇಶ್ವರಿ ಆ ಎರಡು ಗುರುತುಗಳನ್ನು ಬರೆದು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟು ಹನ್ನೊಂದು ತಿಂಗಳಾಯಿತು. ಆಸ್ಪತ್ರೆಯಲ್ಲಿರುವ ವರದಿಯ ಗುರುತನ್ನು ಹೊಸ ವಿಧಾನದಿಂದ ತೆಗೆದು ಅವಕ್ಕೆ ತಾಳೆ ನೋಡಿದರೆ ಐದು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ. ಆ ಐದು ನಿಮಿಷ ಇನ್ನೂ ಯಾರಿಗೂ ಸಿಕ್ಕಿಲ್ಲ.

ಈಗ ಅವರು ಇನ್ನೊಂದು ಸಣ್ಣ ಸಂಸ್ಥೆಯ ಭಂಡಾರ ಕಾಯುತ್ತಾರೆ. ಹಳೇ ಹ್ಯಾಶ್ ವಿಧಾನ ಕೈಬಿಟ್ಟರಷ್ಟೇ ಬರುತ್ತೇನೆಂದು ಮೊದಲ ದಿನವೇ ಹೇಳಿದ್ದರು, ಸಂಸ್ಥೆ ಒಪ್ಪಿತು. ಸನ್ಮಾನ, ಪ್ರಶಸ್ತಿ ಏನಾದರೂ ಬಯಕೆಯುಂಟೇ ಎಂದು ಕೇಳಿದರೆ ಅವರ ಹುಬ್ಬು ಗಂಟಿಕ್ಕುತ್ತದೆ.

"ಶಾಲು ಹೊದಿಸಿ ಕುಂದ್ರಸಬ್ಯಾಡ್ರಿ ನನ್ನ. ಆ ಸಾಲು ಅಳಸಿದಾಂವ ಯಾರು ಅಂತ ಒಬ್ಬರರ ಕೇಳ್ರಿ. ಅಷ್ಟು ಸಾಕು."