ಗುರುತಿಲ್ಲದ ಊರು ಹುಡುಕುತ್ತಾ

ಹೋಟೆಲು ಇಟ್ಟವನಿಗೆ ಗುಟ್ಟು ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ನಮ್ಮದೊಂದು ಚಿಕ್ಕ ಹೋಟೆಲು. ಬೆಳಿಗ್ಗೆ ಬನ್ಸ್, ನೀರುದೋಸೆ, ಮಧ್ಯಾಹ್ನ ಊಟ, ಸಂಜೆ ಗೋಳಿಬಜೆ. ಕೋರ್ಟಿಗೆ ಬಂದವರು, ತಾಲೂಕು ಕಚೇರಿಗೆ ಅಲೆಯುವವರು, ಬಸ್ಸು ಬದಲಿಸುವವರು ಎಲ್ಲರೂ ಒಮ್ಮೆಯಾದರೂ ನಮ್ಮ ಬೆಂಚಿನ ಮೇಲೆ ಕೂತವರೇ. ಅವರ ಮಗಳ ಮದುವೆ, ಜಾಗದ ತಕರಾರು, ಸಕ್ಕರೆ ಕಾಯಿಲೆ ಎಲ್ಲ ನಮಗೆ ಗೊತ್ತು. ನಮ್ಮದು ಅವರಿಗೆ ಗೊತ್ತು. ಅದರಲ್ಲಿ ನನಗೆ ಎಂದೂ ಬೇಸರವಿರಲಿಲ್ಲ, ಕಳೆದ ವರ್ಷ ನನ್ನ ಹೆಂಡತಿ ಮಾತು ಕಡಿಮೆ ಮಾಡುವ ತನಕ.

ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದವಳು ಅವಳು. ನಾನು ಹೆಸರಿಗೆ ಧಣಿ. ನನ್ನ ಕೆಲಸ ಮಾರ್ಕೆಟ್ಟಿಗೆ ಹೋಗುವುದು, ಗ್ಯಾಸಿನವರ ಹತ್ತಿರ ಜಗಳಾಡುವುದು, ಸಪ್ಲೈಯರ್‌ಗಳಿಗೆ ಬೈಯುವುದು. ಗಿರಾಕಿಗಳು ಬರುತ್ತಿದ್ದದ್ದು ಅವಳ ಮಾತಿಗೆ. ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಗುಮಾಸ್ತರು ದಿನಾ ಅರ್ಧ ಚಾ ಹೇಳಿ ಪೇಪರು ಬಿಡಿಸಿದರೆ ಏಳುವ ಮಾತೇ ಇಲ್ಲ. "ಎಂತ, ಪೇಪರು ಬಾಯಿಪಾಠ ಮಾಡ್ತಿದ್ದೀರಾ? ಪರೀಕ್ಷೆ ಯಾವಾಗ?" ಎಂದು ಅವಳು ಕೇಳಿದರೆ ಅವರು ನಗುತ್ತಿದ್ದರು. ನಾನು ಅದನ್ನೇ ಕೇಳಿದ್ದರೆ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಸಾಂಬಾರಿನ ಪಾತ್ರೆ ಇಳಿಸುವ ಮೊದಲು ಅಂಗೈಗೆ ಎರಡು ಹನಿ ಹಾಕಿಕೊಂಡು ರುಚಿ ನೋಡಿ ಅವಳು ಹೂಂ ಎನ್ನದೆ ನಮ್ಮಲ್ಲಿ ಯಾರಿಗೂ ಬಡಿಸುವ ಹಾಗಿರಲಿಲ್ಲ.

ಮೊದಲು ಹೋದದ್ದು ಅದೇ. ಒಂದು ಬೆಳಿಗ್ಗೆ ಅಡುಗೆಯವರು ಸೌಟು ಹಿಡಿದು ಕಾದು ನಿಂತಿದ್ದರೆ, "ಎಲ್ಲ ಒಂದೇ, ಇಳಿಸಿ" ಅಂದಳು. ಅಡುಗೆಯವರು ನನ್ನ ಮುಖ ನೋಡಿದರು. ಆಮೇಲೆ ಗಲ್ಲೆಗೆ ಬರುವುದು ತಡವಾಯಿತು, ಮತ್ತೆ ಅರ್ಧ ದಿನಕ್ಕೆ ಇಳಿಯಿತು, ಕೊನೆಗೆ ನಿಂತೇ ಹೋಯಿತು. ಹೋಟೆಲಿನ ಹಿಂದಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ.

ಎಲ್ಲರೂ ಕೇಳಿದ್ದು ಕಾರಣ. ಮಗಳ ಮದುವೆ ಆಯಿತಲ್ಲ, ಅದಾ? ಸೊಂಟನೋವು ಉಂಟಲ್ಲ, ಅದಾ? ಗಂಡ ಹೆಂಡತಿಗೆ ಏನಾದರೂ ಮಾತಾಯಿತಾ? ಮಗಳು ಕಾರ್ಕಳದಲ್ಲಿ ಸುಖವಾಗಿದ್ದಾಳೆ, ಸೊಂಟನೋವು ಹಳೆಯದು, ನಮ್ಮ ಜಗಳ ಅದಕ್ಕಿಂತಲೂ ಹಳೆಯದು. ಕಾರಣ ಸಿಗದಿದ್ದಾಗ ಜನಕ್ಕೆ ಅದೊಂದು ಅವಮಾನ ಆದ ಹಾಗೆ ಆಗುತ್ತದೆ. ನಮ್ಮ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಥೈರಾಯ್ಡ್ ನೋಡಿದರು, ಎಲ್ಲ ಸರಿ ಇತ್ತು. "ಮನಸ್ಸಿನ ಡಾಕ್ಟರಿಗೆ ಒಮ್ಮೆ ತೋರಿಸುವುದು ಒಳ್ಳೆಯದು" ಅಂದರು. ನಾನು ಮೊದಲು ಪೊಳಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಅಮ್ಮನವರ ಎದುರು ಕೈಮುಗಿದು ಹೊರಗೆ ಬಂದವಳು, ಹೊಳೆಯ ಬದಿಯಲ್ಲಿ ಕಾಲು ನೀರಿಗಿಟ್ಟು ಕೂತಳು. ಆ ಒಂದು ದಿನ ನೆಮ್ಮದಿಯಾಗಿದ್ದಳು, ಅದು ಸುಳ್ಳಲ್ಲ. ದೇವರಿಗೂ ಡಾಕ್ಟರಿಗೂ ಜಗಳ ಇದೆ ಎಂದು ನಾನು ಆಗಲೂ ನಂಬಿರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಊಟದ ಗಡಿಬಿಡಿ ಮುಗಿಸಿ ಒಳಗೆ ಹೋದೆ. ಅವಳು ತಿರುಗದೆಯೇ ಹೇಳಿದಳು, "ನಾನಿಲ್ಲದಿದ್ರೂ ಹೋಟೆಲು ನಡೀತದೆ ಅಲ್ವಾ? ನಡೀತಾ ಉಂಟಲ್ಲ."

ಅಕ್ಕಿ ಮೂಟೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸರಕಾರದ ಸಹಾಯವಾಣಿಗೆ ಫೋನು ಮಾಡಿದೆ. ಕೂಗಿ ಕೂಗಿಯೇ ಬದುಕಿದವನು ಜೀವನದಲ್ಲಿ ಮೊದಲ ಸಲ ಪಿಸುಗುಟ್ಟಿ ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ನನಗೆ ಅವಸರ ಮಾಡಲಿಲ್ಲ. ಈಗ ಅವರ ಹತ್ತಿರ ಯಾರಿದ್ದಾರೆ ಎಂದು ಮೊದಲು ಕೇಳಿದಳು. ಒಂಟಿಯಾಗಿ ಬಿಡಬೇಡಿ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ ಅಂದಳು. ನಿಮ್ಮ ತಾಲೂಕು ಆಸ್ಪತ್ರೆಗೆ ವಾರಕ್ಕೊಂದು ದಿನ ಮನಸ್ಸಿನ ಡಾಕ್ಟರು ಬರುತ್ತಾರೆ, ಅಲ್ಲಿಗೆ ಹೋಗಿ ಎಂದಳು.

ಹೆಂಡತಿಯ ಹತ್ತಿರ ಹೋಗಿ ನೇರವಾಗಿಯೇ ಕೇಳಿದೆ. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ಸಾಯ್ಬೇಕು ಅಂತ ಇಲ್ಲ. ಇದ್ದು ಇದ್ದು ಬಚ್ಚಿದೆ" ಅಂದಳು. ಬಚ್ಚುವುದು ಎಂದರೆ ನಮ್ಮಲ್ಲಿ ದಣಿಯುವುದು. ಇಡೀ ದಿನ ನಿಂತು ದೋಸೆ ಹೊಯ್ದವರು ಸಂಜೆ ಹೇಳುವ ಮಾತು ಅದು.

ಆಸ್ಪತ್ರೆಗೆ ಹೊರಟದ್ದು ಹೌದು, ಮುಟ್ಟಿದ್ದೂ ಹೌದು. ಆದರೆ ಗೇಟಿನ ಹತ್ತಿರ ರಿಕ್ಷಾ ಇಳಿಯುವಾಗಲೇ ಸಾಲಿನಲ್ಲಿದ್ದ ಯಾರೋ ಒಬ್ಬರು ಕೂಗಿದರು, "ಓ ಹೋಟೆಲಿನ ಅಕ್ಕ, ಇಲ್ಲಿ ಎಂತ?" ಇನ್ನೊಬ್ಬರು ತಿರುಗಿ ನೋಡಿದರು, ಮತ್ತೊಬ್ಬರು ಎದ್ದು ಜಾಗ ಕೊಡಲು ಬಂದರು. ಯಾರಲ್ಲೂ ಕೆಟ್ಟದ್ದಿರಲಿಲ್ಲ, ಪ್ರೀತಿಯೇ ಇದ್ದದ್ದು. ಅವಳು ಅದೇ ರಿಕ್ಷಾ ಹತ್ತಿ ಕೂತಳು. ಮನೆಗೆ ಬಂದ ಮೇಲೆ ಒಂದೇ ಮಾತು: "ನಮ್ಮ ಗುರುತಿಲ್ಲದ ಊರಾದ್ರೆ ಬರ್ತೇನೆ. ಇಲ್ಲದಿದ್ರೆ ಇಲ್ಲ."

ಗುರುತಿಲ್ಲದ ಊರು. ಇಷ್ಟು ವರ್ಷ ಮೂರು ತಾಲೂಕಿಗೆ ಚಾ ಕುಡಿಸಿದವನಿಗೆ ಅಂಥ ಊರು ಎಲ್ಲಿ ಸಿಗಬೇಕು? ಬೆಳ್ತಂಗಡಿಯಲ್ಲಿ ಒಬ್ಬರು ಆಪ್ತಸಮಾಲೋಚಕರು ಇದ್ದಾರೆಂದು ಗೊತ್ತಾಗಿ, ಹೊತ್ತು ಗೊತ್ತುಮಾಡಿ, ಇಬ್ಬರೂ ಬಸ್ಸು ಹತ್ತಿದೆವು. ಮಡಂತ್ಯಾರಿನ ತನಕ ಎಲ್ಲ ಸರಿ ಇತ್ತು. ಬೆಳ್ತಂಗಡಿಯಲ್ಲಿ ಇಳಿದ ಕೂಡಲೇ ಅಡಿಕೆ ವ್ಯಾಪಾರದ ಒಬ್ಬರು ಕೈ ಹಿಡಿದುಕೊಂಡರು. ಕೋರ್ಟಿನ ಕೇಸು ನಡೆಯುವಾಗೆಲ್ಲ ನಮ್ಮಲ್ಲಿ ಉಂಡವರು. "ನಿಮ್ಮ ಊಟ ಮಾಡಿದವ ನಿಮಗೆ ಒಂದು ಚಾ ಕೊಡದೆ ಬಿಡುದುಂಟಾ ಮಾರಾಯ್ರೇ" ಎಂದು ಒಳಗೆ ಕೂರಿಸಿದರು. ಚಾ ಬಂತು, ಅಂಬಡೆ ಬಂತು, ಕೇಸಿನ ಕತೆ ಪೂರ್ತಿ ಬಂತು. ನಮ್ಮ ಹೊತ್ತು ಮೀರಿತು. ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ನನಗೆ ಆ ಅಂಬಡೆಯ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ.

ಉಳಿದದ್ದು ಮೂಡುಬಿದಿರೆ. ಅಲ್ಲಿ ಕಾಲೇಜಿನ ಮಕ್ಕಳೇ ಜಾಸ್ತಿ, ಎಲ್ಲೆಲ್ಲಿಂದಲೋ ಬಂದವರು, ಬಿ.ಸಿ.ರೋಡಿನ ಹೋಟೆಲಿನವರನ್ನು ಯಾರು ಕೇಳುತ್ತಾರೆ? ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಹೋದೆವು. ಒಂದು ಬ್ಯಾಗಿನ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಆಪ್ತಸಮಾಲೋಚಕಿಯ ಕೋಣೆ. ಹೊರಗಿನ ಕುರ್ಚಿಗಳಲ್ಲಿ ಇಬ್ಬರು ವಿದ್ಯಾರ್ಥಿನಿಯರು ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತಿದ್ದರು. ತಲೆ ಎತ್ತಿಯೂ ನೋಡಲಿಲ್ಲ. ಅವಳು ಸೆರಗು ಸಡಿಲ ಮಾಡಿ ಕೂತು ಉದ್ದಕ್ಕೆ ಉಸಿರು ಬಿಟ್ಟಳು. ಗೆದ್ದೆ ಅಂದುಕೊಂಡೆ.

ಆಗ ಒಳಗಿನ ಬಾಗಿಲು ತೆರೆಯಿತು. ಹೊರಗೆ ಬಂದವರು ನಮ್ಮ ಎದುರಿನ ಹೋಟೆಲಿನ ಧಣಿ.

ಅವರಿಗೂ ನನಗೂ ವರ್ಷಗಳಿಂದ ಮಾತಿಲ್ಲ. ಅವರ ಹೊಸ ಬೋರ್ಡು ನಮ್ಮ ಬೋರ್ಡನ್ನು ಮರೆಮಾಡುತ್ತದೆ ಎಂಬ ವಿಷಯಕ್ಕೆ ನಡುರಸ್ತೆಯಲ್ಲಿ ಜಗಳವಾಗಿತ್ತು. ಆಮೇಲೂ ಅವರು ತಮ್ಮ ಗಲ್ಲೆಯಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ನಗುತ್ತಾ ಕೂತಿರುತ್ತಿದ್ದರು. ನನ್ನನ್ನು ಉರಿಸಲಿಕ್ಕೆಂದೇ ನಗುತ್ತಾರೆ ಎಂದು ನಾನು ತಿಳಿದಿದ್ದೆ. ಈಗ ಅವರ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕರವಸ್ತ್ರವಿತ್ತು.

ನನ್ನ ಹೆಂಡತಿ ಎದ್ದವಳೇ ಮೆಟ್ಟಿಲು ಇಳಿಯತೊಡಗಿದಳು. ನನ್ನ ಬಾಯಿಂದ ಹೊರಟ ಮಾತು, "ಬ್ಯಾಗು ತಗೊಳ್ಳಲಿಕ್ಕೆ ಬಂದದ್ದು."

"ಬ್ಯಾಗಿನ ಅಂಗಡಿ ಕೆಳಗೆ ಮಾರಾಯ್ರೇ" ಅಂದರು ಅವರು ಮೆಲ್ಲಗೆ. ನನ್ನನ್ನು ದಾಟಿ ಅವಳ ಹಿಂದೆ ಇಳಿದರು. ನಾನು ಅವರ ಹಿಂದೆ.

ಅವಳು ಮೆಟ್ಟಿಲಿನ ಅರ್ಧದಲ್ಲಿ ಗೋಡೆ ಹಿಡಿದು ನಿಂತಿದ್ದಳು. ಅವರು ಮೇಲೆಯೇ ನಿಂತರು, ಹತ್ತಿರ ಹೋಗಲಿಲ್ಲ.

"ಅಕ್ಕ, ನಾನು ಮೊದಲ ಸಲ ಬಂದವ ಇದೇ ಮೆಟ್ಟಿಲಿಂದ ವಾಪಸ್ ಹೋದದ್ದು. ಮತ್ತೊಮ್ಮೆ ಬಂದು ಕೆಳಗೆ ಬ್ಯಾಗು ತಗೊಂಡು ಹೋದೆ. ಆಮೇಲೆಯೂ ತಗೊಂಡೆ. ಮನೆಯಲ್ಲಿ ಈಗ ಬ್ಯಾಗಿಗೆ ಕೊರತೆ ಇಲ್ಲ."

ಅವಳು ನಗಲಿಲ್ಲ. ಆದರೆ ತಿರುಗಿದಳು. "ನಿಮಗೆ ಎಂತ ಆದದ್ದು? ನೀವು ಯಾವಾಗಲೂ ನಗ್ತಾ ಇರ್ತೀರಲ್ಲ."

"ಗಲ್ಲೆಯಲ್ಲಿ ಕೂತವರು ನಗ್ಲೇಬೇಕಲ್ಲ ಅಕ್ಕ. ನಿಮಗೆ ಗೊತ್ತಿಲ್ವಾ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಷ್ಟು ತಿಂಗಳು ಒಣಗಿಯೇ ಇದ್ದ ಕಣ್ಣು ಆಗ ತುಂಬಿ ಹರಿಯಿತು. ಕೆಳಗೆ ಅಂಗಡಿಯವರು ಬ್ಯಾಗು ತೂಗುಹಾಕುತ್ತಿದ್ದರು, ಮೇಲಿನಿಂದ ಒಬ್ಬಳು ವಿದ್ಯಾರ್ಥಿನಿ ಇಳಿದು ಬಂದು ನಮ್ಮ ನಡುವೆ ದಾರಿ ಮಾಡಿಕೊಂಡು ಹೋದಳು. ನನಗೆ ಅಳು ಬಂತು. ಅವಳು ಅತ್ತದ್ದಕ್ಕೆ ಅಲ್ಲ. ಗಲ್ಲೆಯ ಆ ನಗು ಅವಳಿಗೆ ಎಷ್ಟು ಭಾರವಾಗಿತ್ತೆಂದು ಹಗಲಿಡೀ ಪಕ್ಕದಲ್ಲೇ ಇರುವ ನನಗೆ ತಿಳಿಯಲಿಲ್ಲ, ನನ್ನ ಹತ್ತಿರ ಮಾತು ಬಿಟ್ಟ ಅವರಿಗೆ ಒಂದೇ ಸಲಕ್ಕೆ ತಿಳಿಯಿತಲ್ಲ ಎಂದು.

"ಒಳಗೆ ಎಂತ ಮಾಡ್ತಾರೆ?" ಎಂದು ಕೇಳಿದಳು.

"ಎಂತ ಇಲ್ಲ ಅಕ್ಕ. ಎರಡು ಕುರ್ಚಿ ಉಂಟು. ನೀವು ಹೇಳುದು, ಅವರು ಕೇಳುದು. ಹೇಳ್ಲಿಕ್ಕೆ ಆಗದಿದ್ರೆ ಸುಮ್ಮನೆ ಕೂತರೂ ಆಗ್ತದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಸಮಾಲೋಚಕಿ ಶಿವಮೊಗ್ಗದ ಕಡೆಯವಳು, ನಮ್ಮ ಮಗಳ ವಯಸ್ಸು. ಮೊದಲು ನಾನೂ ಒಳಗಿದ್ದೆ. ನನ್ನ ಹೆಂಡತಿ ಕಚೇರಿಯಲ್ಲಿ ಮಾತಾಡುವ ಹಾಗೆ ಅಚ್ಚುಕಟ್ಟು ಕನ್ನಡದಲ್ಲಿ, ತೊಂದರೆ ಏನೂ ಇಲ್ಲ, ಊಟ ಸೇರುವುದಿಲ್ಲ ಅಷ್ಟೇ ಎಂದು ಹೇಳತೊಡಗಿದಳು. ಆ ಹುಡುಗಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದಳು. ತುಳು ಅಂದೆವು. "ಹಾಗಾದ್ರೆ ತುಳುವಿನಲ್ಲೇ ಹೇಳಿ. ನನಗೆ ಮಾತಾಡೋಕೆ ಅಷ್ಟು ಬರಲ್ಲ, ಕೇಳೋಕೆ ಬರುತ್ತೆ" ಎಂದು ನನ್ನನ್ನು ಹೊರಗೆ ಕೂರಲು ಹೇಳಿದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನನ್ನ ಹೆಂಡತಿಯ ಸ್ವರ ಕೇಳಿತು. ಮಾತು ಬಿಡಿಯಾಗಿ ತಿಳಿಯುತ್ತಿರಲಿಲ್ಲ, ಸ್ವರ ಮಾತ್ರ, ನಿಲ್ಲದೆ. ಏನು ಹೇಳಿದಳೆಂದು ನಾನು ಇವತ್ತಿಗೂ ಕೇಳಿಲ್ಲ.

ಎದುರಿನ ಹೋಟೆಲಿನವರು ತಮ್ಮ ಬಸ್ಸು ಬಿಟ್ಟು ನನ್ನ ಜೊತೆ ಕೂತಿದ್ದರು. ಅಡುಗೆಯವರು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗುವ ವಿಷಯ ಬಂತು, ಅದರಲ್ಲಿ ನಮ್ಮಿಬ್ಬರದೂ ಒಂದೇ ಗೋಳು. "ಡಾಕ್ಟರು ಮಾತ್ರೆ ಕೊಟ್ರೆ ಹೆದರ್ಬೇಡಿ, ಗುಣ ಆಯ್ತು ಅಂತ ನೀವಾಗಿ ನಿಲ್ಲಿಸ್ಲೂ ಬೇಡಿ" ಎಂದು ಅವರೇ ಹೇಳಿದರು. ಬೋರ್ಡಿನ ಮಾತು ಇಬ್ಬರೂ ತೆಗೆಯಲಿಲ್ಲ.

ಹೊರಡುವಾಗ ಸಮಾಲೋಚಕಿ, ಮನೋವೈದ್ಯರಿಗೂ ತೋರಿಸಬೇಕೆಂದು ಚೀಟಿ ಬರೆದುಕೊಟ್ಟಳು. ನಿಮ್ಮ ಊರಿನ ಆಸ್ಪತ್ರೆಯಲ್ಲೇ ಆಗುತ್ತಿತ್ತಲ್ಲ ಎಂದು ಅವಳು ಕೇಳಿದ್ದಕ್ಕೆ, ಅಲ್ಲಿ ಎಲ್ಲರಿಗೂ ನಮ್ಮ ಗುರುತು ಉಂಟು ಅಂದೆ. ಅವಳು ನಕ್ಕಳು. "ಬಂಟ್ವಾಳದವರು ಇಲ್ಲಿಗೆ ಬರ್ತಾರೆ, ಇಲ್ಲಿಯವರು ಬೆಳ್ತಂಗಡಿಗೆ ಹೋಗ್ತಾರೆ, ಬೆಳ್ತಂಗಡಿಯವರು ಬಂಟ್ವಾಳಕ್ಕೆ. ಬಸ್ಸಿನವರಿಗೆ ಒಳ್ಳೆಯ ವ್ಯಾಪಾರ ಸರ್."

ಗುಣವಾದದ್ದು ಒಂದೇ ದಿನಕ್ಕಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಯಿಂದ ಮೊದಲು ಬಾಯಿ ಒಣಗಿತು, ಮಂಪರು ಬಂತು, ಡಾಕ್ಟರು ಬದಲಿಸಿದರು. ಸರಿಹೋಯಿತು ಅಂದುಕೊಂಡ ವಾರದಲ್ಲೇ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದೂ ಉಂಟು. ಆ ದಿನಗಳಲ್ಲಿ ನಾನು ಮಾರ್ಕೆಟ್ಟಿಗೆ ಹೋಗದೆ ಅವಳ ಹತ್ತಿರವೇ ಕೂರುತ್ತಿದ್ದೆ. ಮೂಡುಬಿದಿರೆಯ ಬಸ್ಸಿನಲ್ಲಿ ಒಮ್ಮೊಮ್ಮೆ ನಾವು ಮೂವರೂ ಒಟ್ಟಿಗೆ ಹೋಗುತ್ತಿದ್ದೆವು. ಹಳೆಯ ವೈರಿಗಳು ಒಂದೇ ಸೀಟಿನಲ್ಲಿ ಕೂತದ್ದು ಕಂಡು ಕಂಡಕ್ಟರಿಗೇ ಆಶ್ಚರ್ಯ. ಒಂದು ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದು ಅಂಗೈ ಚಾಚಿದಳು. ರುಚಿ ನೋಡಿ, "ಹುಳಿ ಜಾಸ್ತಿ ಆಯ್ತು" ಅಂದಳು. ಅಡುಗೆಯವರು ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆ ಕಂಡಿಲ್ಲ.

ಮೊನ್ನೆ ಊಟದ ಹೊತ್ತು ಮುಗಿದ ಮೇಲೆ ಒಬ್ಬ ಹೆಂಗಸು ದೊಡ್ಡ ಮಗಳನ್ನು ಕರೆದುಕೊಂಡು ಬಂದರು. ಮಗಳು ಎದುರಿಗಿದ್ದ ಚಾ ಮುಟ್ಟಲಿಲ್ಲ, ತಲೆ ಎತ್ತಲಿಲ್ಲ. ತಾಯಿ ಗಲ್ಲೆಯ ಮೇಲೆ ಬಾಗಿ ಪಿಸುಗುಟ್ಟಿದರು, "ಅಕ್ಕ, ನೀವು ಮೂಡುಬಿದಿರೆಗೆ ಹೋಗ್ತೀರಂತಲ್ಲ. ಎಲ್ಲಿ ಅದು? ಇಲ್ಲಿ ಆಸ್ಪತ್ರೆಗೆ ಬೇಡ, ಎಲ್ಲರಿಗೂ ಗೊತ್ತಾಗ್ತದೆ."

ನನ್ನ ಹೆಂಡತಿ ಆ ಹುಡುಗಿಯನ್ನು ನೋಡಿದಳು. ಆಮೇಲೆ ನನಗೆ, "ಸ್ವಲ್ಪ ಗಲ್ಲೆ ನೋಡಿಕೊಳ್ಳಿ" ಎಂದು ಎದ್ದಳು.

"ಮೂಡುಬಿದಿರೆ ದೂರ. ಇವತ್ತು ಇಲ್ಲಿಯ ಆಸ್ಪತ್ರೆಗೇ ಡಾಕ್ಟರು ಬರ್ತಾರೆ. ಹೋಗುವ. ನಾನು ಜೊತೆಗೆ ಬರ್ತೇನೆ" ಅಂದಳು. ಪಿಸುಗುಟ್ಟಲಿಲ್ಲ. ಗಲ್ಲೆಯಿಂದ ಅಡುಗೆಮನೆಗೆ ಕೇಳಿಸುವ ಅವಳ ಹಳೆಯ ಸ್ವರ.

ಪೇಪರಿನಿಂದ ತಲೆ ಎತ್ತಿ ಆ ನಿವೃತ್ತ ಗುಮಾಸ್ತರು, "ಎಲ್ಲಿಗೆ ಅಕ್ಕ ಸವಾರಿ?" ಎಂದು ಕೇಳಿದರು.

"ಆಸ್ಪತ್ರೆಗೆ. ಮನಸ್ಸಿನ ಡಾಕ್ಟರಲ್ಲಿಗೆ. ಬರ್ತೀರಾ? ರಿಕ್ಷಾದಲ್ಲಿ ಜಾಗ ಉಂಟು."

ಎರಡು ಮೂರು ಬೆಂಚಿನಲ್ಲಿ ನಗು ಎದ್ದಿತು. ಅವಳೂ ನಕ್ಕು, ಹುಡುಗಿಯ ಕೈ ಹಿಡಿದುಕೊಂಡು ತಾಯಿಯ ಜೊತೆ ರಸ್ತೆಗೆ ಇಳಿದಳು. ಎದುರಿನ ಹೋಟೆಲಿನ ಗಲ್ಲೆಯಿಂದ ಅವರು ಕೈ ಎತ್ತಿದರು. ರಿಕ್ಷಾ ಆಸ್ಪತ್ರೆಯ ಕಡೆ ತಿರುಗಿ ಮರೆಯಾಯಿತು.

ನಾನು ಗಲ್ಲೆಯಲ್ಲಿ ಕೂತೆ. ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಗುಮಾಸ್ತರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಬಂದರು. ಇಷ್ಟು ಬೇಗ ಅವರು ಎದ್ದದ್ದೇ ಇಲ್ಲ. ಚಿಲ್ಲರೆ ಇಟ್ಟು ಅಲ್ಲೇ ನಿಂತರು. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ಮುಖ ನೋಡದೆ ಕೇಳಿದರು.

"ಆ ಡಾಕ್ಟರು ವಾರ ವಾರ ಉಂಟಾ?"

"ಉಂಟು" ಅಂದೆ. ಅವರಿಗೆ ಇನ್ನೊಂದು ಚಾ ಹೇಳಿ, ಈ ಸಲ ಪೂರ್ತಿ ಚಾ, ಪಕ್ಕದ ಕುರ್ಚಿ ಎಳೆದುಕೊಟ್ಟೆ.