ಗ್ರಿಸೆಲ್ಡಾ ಮೇಡಂ ಒಯ್ಯುತ್ತಿದ್ದ ಐಸ್

ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನಲ್ಲಿ ದಿನಸಿ ಅಂಗಡಿ ಇಟ್ಟ ಶಾಕಿರ್ ಸಾಹೇಬರಿಗೆ ಕರೆಂಟ್ ಕಂಪನಿಯ ವೈಸ್ ಪ್ರೆಸಿಡೆಂಟ್ ಗ್ರಿಸೆಲ್ಡಾ ಮೇಡಮ್ಮೇ ಗಿರಾಕಿ. ಆದರೆ ಆ ಪರಿಚಯದಿಂದ ಇವತ್ತಿನವರೆಗೆ ಒಂದು ಬಲ್ಬೂ ಬೇಗ ಹತ್ತಿದ್ದಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮೆಕ್ಸಿಕೋದಿಂದ ಬಂದು, ಅದೇ ಕಂಪನಿಯ ದೂರು ಕೇಳುವ ಫೋನಿನ ಮುಂದೆ ಕೂತು, ಬೈಗುಳದಲ್ಲೇ ಇಂಗ್ಲಿಷ್ ಕಲಿತ ಮೇಡಂ ಈಗ ಬಿರುಗಾಳಿ ಬಡಿದಾಗ ಯಾವ ಬೀದಿಗೆ ಮೊದಲು ಕರೆಂಟ್ ಎಂದು ಸಹಿ ಹಾಕುವವರು. ಅಂಗಡಿಗೆ ಬಂದರೆ ಹುಣಸೆಹಣ್ಣು ಹಿಚುಕಿ ನೋಡುತ್ತಾರೆ, ಬ್ಯಾಡಗಿ ಮೆಣಸಿನಕಾಯಿ ಮೂಸಿ, "ಬಣ್ಣ ಜೋರು, ಖಾರ ಇಲ್ಲ, ನಮ್ಮ ಡೈರೆಕ್ಟರುಗಳ ಹಾಗೆ" ಅನ್ನುತ್ತಾರೆ. ಕರೆಂಟ್ ಹೋದ ದಿನ ಸಾಹೇಬರು ಜನರೇಟರ್ ಸದ್ದಿನ ನಡುವೆ, "ಮೇಡಂ, ನಮ್ಮ ಸರದಿ ಯಾವಾಗ?" ಎಂದು ಕೂಗಿದರೆ ಪ್ರತಿಸಲ ಒಂದೇ ಉತ್ತರ: "ಮೊದಲು ಆಸ್ಪತ್ರೆ, ಆಮೇಲೆ ಹೆಚ್ಚು ಮನೆ ಇರೋ ಬೀದಿ. ನೀವು ಸಾಲಿನಲ್ಲಿದ್ದೀರಿ, ಶಾಕಿರ್." ಹೇಳಿ, ಎರಡು ಚೀಲ ಐಸ್ ಒಯ್ಯುತ್ತಿದ್ದರು. "ಕರೆಂಟಿನ ಯಜಮಾನಿಗೂ ಐಸ್ ಬೇಕಾ?" ಎಂದು ಒಮ್ಮೆ ಕೆಣಕಿದಾಗಲೇ ಗೊತ್ತಾದದ್ದು: ಡೆಟ್ರಾಯಿಟಿನ ನಾಲ್ಕೇ ಮನೆಯ ಓಣಿಯಲ್ಲಿ ಅವರ ತಾಯಿ ಇದ್ದರು, ಐಸ್ ಆಕೆಯ ಇನ್ಸುಲಿನ್ ಕೆಡದಿರಲಿಕ್ಕೆ, ಮಗಳ ಸಹಿ ಬಿದ್ದ ಪಟ್ಟಿಯಲ್ಲಿ ಆ ಓಣಿ ಯಾವಾಗಲೂ ಕೊನೆ. "ಅಮ್ಮನೂ ನಿಮ್ಮ ಹಾಗೇ ಕೇಳ್ತಾಳೆ, ಅವಳಿಗೂ ಇದೇ ಉತ್ತರ" ಎಂದು ಆವತ್ತು ನಕ್ಕಿದ್ದರು. ಈ ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದಾಗ ಮೇಡಂ ಬಂದರು, ಐಸಿನ ಪೆಟ್ಟಿಗೆಯಿಂದ ಒಂದು ಚೀಲ ಎತ್ತಿದರು, ಮತ್ತೆ ಅಲ್ಲೇ ಇಟ್ಟು ಮುಚ್ಚಳ ಹಾಕಿದರು. "ಅಮ್ಮ ಮೇ ತಿಂಗಳಲ್ಲಿ ತೀರಿಕೊಂಡಳು" ಅಂದರು. ಬಾಗಿಲ ತನಕ ಹೋಗಿ, ಸರದಿ ಯಾವಾಗ ಎಂದು ಈ ಸಲ ಯಾರೂ ಕೇಳದಿದ್ದರೂ ತಿರುಗಿ, "ನೀವು ಸಾಲಿನಲ್ಲಿದ್ದೀರಿ" ಅಂದರು.